ಬರಿ ನೀರು

ಇವತ್ತು ಸಂಜೆ ಬಕೆಟ್ಟು ಅಲ್ಲಾಡಿಸಬಾರದು
ಅಂದಿದ್ದಾರೆ ಡಾಕ್ಟರು ಮಧುಲಿಕಾ.
ತಂತಿಯ ಹಿಡಿ ಕಿರ್ ಅಂದರೆ ಸಾಕು
ಹದಿನಾಲ್ಕು ಮೂತಿ ಒಂದೇ ಸಲ ಮೇಲೇಳುತ್ತವೆ.
ಆಮೇಲೆ ಕೊಡದೆ ಹೋದರೆ
ಒಂದರ ಕಿವಿ ಇನ್ನೊಂದರ ಬಾಯಲ್ಲಿ.
ಅದಕ್ಕೇ ಚಪ್ಪಲಿ ಕೈಯಲ್ಲಿ ಹಿಡಿದು
ದೊಡ್ಡಿಯ ಹಿಂದಿನಿಂದ ಹಾಯುತ್ತೇನೆ,
ಕಳ್ಳಿಯ ಹಾಗೆ, ನನ್ನ ಹಿತ್ತಲಲ್ಲೇ.

ದಿನಾ ಈ ಹೊತ್ತಿಗೆ
ಬೆಣ್ಣೆದೋಸೆ ಹೋಟೆಲಿನ ಎಂಜಲು,
ಮಂಡಕ್ಕಿ ಭಟ್ಟಿಯ ಸೀದ ನುಚ್ಚು,
ಮದುವೆ ಇದ್ದರೆ ಅನ್ನ, ಹೋಳಿಗೆಯ ಅಂಚು.
ಅವರಗೆರೆಯ ಈ ಹದಿನಾಲ್ಕು
ಇಡೀ ದಾವಣಗೆರೆಯ ಬಾಯಿರುಚಿ ಬಲ್ಲವು.

ಗಾಡಿ ಬೆಳಗಿನ ನಾಲ್ಕಕ್ಕೆ.
ಹನ್ನೆರಡು ತಾಸು ಬರಿ ನೀರು.
ಹೊಟ್ಟೆ ತುಂಬಿದ್ದರೆ ದಾರಿಯಲ್ಲಿ ಕಕ್ಕುತ್ತವಂತೆ,
ತೀರಾ ಹಸಿದರೆ ಒಳಗಿನ ಸಕ್ಕರೆಯೆಲ್ಲ ಉರಿದು
ಮಾಂಸ ಕಪ್ಪಾಗಿ ಒಣಗುತ್ತದಂತೆ.
ಕೊನೇ ಗಳಿಗೆಯಲ್ಲಿ ಹೆದರಿದವೋ,
ಬಿಳಿಚಿಕೊಂಡು ನೀರು ಬಿಡುತ್ತದಂತೆ, ತಕ್ಕಡಿಯಲ್ಲೇ.
ಹೆದರಿಕೆಗೂ ತೂಕ ಐತೆ ಅಂತ
ಐವತ್ತೊಂದನೇ ವಯಸ್ಸಿನಲ್ಲಿ ನನಗೆ ತಿಳೀತು.

ಗಾಳೆಪ್ಪನಿಗೆ ಮೊದಲೇ ಗೊತ್ತಿತ್ತು, ಬೇರೆ ಮಾತಲ್ಲಿ:
"ಅಟ್ಟಾಡಿಸಿ ಹಿಡಿದದ್ದು ರುಚಿ ಇರಲ್ಲ ಕಣೇ, ನೀರು ನೀರು."
ಅವನಪ್ಪನೂ ಹೇಳುತ್ತಿದ್ದನಂತೆ,
ಬಲೆ ಹೊತ್ತು ಊರೂರು ತಿರುಗುವಾಗ.
ಅವರ ಮಾತು ಯಾರೂ ಬರಕೊಳ್ಳಲಿಲ್ಲ.
ಈ ಹುಡುಗಿ ಬರಕೊಳ್ಳುತ್ತಾಳೆ.
ಕಿವಿಯಿಂದ ರಕ್ತ ತೆಗೆದು, ಶೀಸೆಗೆ ನಂಬರು ಹಚ್ಚಿ,
ಐಸಿನ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು
ನಮ್ಮ ಮನೆಯ ಚಹಾ ಕುಡಿಯುತ್ತಾಳೆ.
ಅದೂ ಬರಕೊಳ್ಳಬೇಕಾದ್ದೇ.

ಐದು ದಿನದಿಂದ ಏಳಕ್ಕೆ ಮಾತ್ರ
ನೀರಿನಲ್ಲಿ ಭೇದಿ ಉಪ್ಪಿನಂಥ ಬಿಳಿ ಪುಡಿ.
ಬೆನ್ನಿಗೆ ನೀಲಿ ಬಳಿದವು ಕುಡಿಯುವವು.
ಗೋಡೆಯಾಚೆಯ ಏಳು, ಬಳಿಯದವು.
ಗಾಡಿ ಹತ್ತುವಾಗ ಯಾವುದು ಕಿರುಚುತ್ತದೆ,
ಯಾವುದು ಇಲ್ಲ, ನಾನು ಗೀಟು ಹಾಕಬೇಕು.
ಬಳಿಯದ ಒಂದು, ಮೊಂಡಬಾಲದ್ದು,
ಗೋಡೆ ಹಾರಿ ಎರಡೂ ನೀರು ಕುಡಿದಿದೆ.
ಇದನ್ನು ಡಾಕ್ಟರಿಗೆ ಹೇಳಿಲ್ಲ.

ನನಗೂ ನಾಳೆ ಚಿಗಟೇರಿ ಆಸ್ಪತ್ರೆಯಲ್ಲಿ ಸಕ್ಕರೆ ಪರೀಕ್ಷೆ.
ರಾತ್ರಿ ಎಂಟರ ಮೇಲೆ ಏನೂ ಬೇಡ, ನೀರು ಪರವಾಗಿಲ್ಲ.
ಚೀಟಿಯಲ್ಲಿ ನಂಬರು ನಲವತ್ತಾರು.
ಹೋದ ಸಲ ಆ ಸಾಲಿನಲ್ಲಿ
ಹಳದಿ ಸೀರೆಯವಳು ಮುಂದೆ ನುಗ್ಗಿದಳು ಅಂತ
ಅವಳ ಜಡೆಗೆ ಕೈ ಹಾಕಿದ್ದೆ. ಮುಖ ಪರಿಚಯವೂ ಇಲ್ಲ.
"ಪರಿಚಯ ಇಲ್ಲದವನ್ನು
ಹಸಿದಾಗ ಒಂದೇ ಕಡೆ ಕೂಡಿಹಾಕಬೇಡಿ"
ಅಂತ ಡಾಕ್ಟರು ಹೇಳಿದ್ದು ಹಂದಿಗಳಿಗೆ.

ಮೂರೂವರೆ. ಕೋಲು ಬೇಡ, ಕೂಗು ಬೇಡ,
ಹಲಗೆ ಅಡ್ಡ ಹಿಡಿದು ಮೆಲ್ಲಗೆ ನಡೆಸಿದೆವು.
ಡ್ರೈವರ್ ಸುಂಕ ಬೀಡಿ ಆರಿಸಿದ.
ನೀಲಿಯವು ಹತ್ತಿದವು. ಬಳಿಯದವೂ ಹತ್ತಿದವು,
ಎರಡು ಕಿರುಚಿಕೊಂಡು.
ಮೊಂಡಬಾಲದ್ದು ಮಾತ್ರ
ಹಲಗೆಯ ತುದಿಗೆ ನಿಂತೇಬಿಟ್ಟಿತು.
ಮುಟ್ಟಿದರೆ ನಡುಕ. ಕಿವಿ ಕೆಂಡ.

ನಾನು ಬಕೆಟ್ಟು ತಂದೆ. ಖಾಲಿ.
ಗಾಡಿಯೊಳಗೆ ಹತ್ತಿ ನಿಂತು
ಹಿಡಿಯನ್ನು ಒಂದೇ ಸಲ ಕಿರ್ ಅನ್ನಿಸಿದೆ.

ಬಂತು.
ಕಿವಿ ಮುಂದೆ ಮಾಡಿಕೊಂಡು, ಸದ್ದಿಲ್ಲದೆ,
ಬಕೆಟ್ಟಿನೊಳಗೆ ಮೂತಿ ಇಟ್ಟು
ಸ್ವಲ್ಪ ಹೊತ್ತು ಹಾಗೇ ಇತ್ತು.
ಪಟ್ಟಿಯಲ್ಲಿ ಶಾಂತ ಅನ್ನುವ ಕಡೆ
ಗೀಟು ಹಾಕಿದವಳು ನಾನೇ.

ಏಳೂವರೆಗೆ ಆಸ್ಪತ್ರೆಯ ಬೆಂಚು.
ಕೈ ಬಿಗಿ ಬಿಡಮ್ಮ, ಹೆದರಬೇಡ, ಅಂದಳು ನರ್ಸು.
ನೆಲ ಒರೆಸುವವಳು ಕಾರಿಡಾರಿನ ಕೊನೆಯಲ್ಲಿ
ಬಕೆಟ್ಟು ಎತ್ತಿದಳು. ಕಿರ್.

ನಾನು ತಲೆ ಎತ್ತಿದೆ.